‘ಪವರ್’ ಪೆಟ್ರೋಲಿನ ಮರುಳು

ವಾರಾಂತ್ಯ ಬಂತೆಂದರೆ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು, ಗೋವೆಗಳಿಂದ ಹೊರಟ ಕಾರುಗಳು ಗಣೇಶಗುಡಿಯಲ್ಲಿ ಕಾಳಿಯ ದಂಡೆಗುಂಟ ಸಾಲುಗಟ್ಟಿ ನಿಲ್ಲುತ್ತವೆ. ಬಂದವರು ರಬ್ಬರ್ ದೋಣಿ ಹತ್ತಿ ಹೊಳೆಗಿಳಿದರೆ ಚಾಲಕರು ಚಹಾದಂಗಡಿಯ ಮುಂದೆ ಸೇರುತ್ತಾರೆ. ಅಲ್ಲಿ ಮತ್ತೆ ಮತ್ತೆ ಏಳುವ ಚರ್ಚೆಯೊಂದಿದೆ: ಘಟ್ಟದ ದಾರಿಗೆ ‘ಪವರ್’ ಪೆಟ್ರೋಲ್ ಹಾಕಿಸಬೇಕೋ, ಸಾದಾ ಸಾಕೋ? ಪೇಟೆಯವರ ಈ ಮಾತು ಈಗ ಊರಿನ ಯುವಕರ ಕಿವಿಗೂ ಬಿದ್ದಿದೆ. ಸಾಲ ಮಾಡಿ ಹಳೆಯ ಕಾರು ಕೊಂಡು ಪ್ರವಾಸಿಗರನ್ನು ಸಾಗಿಸಿ ಬದುಕುವವರೂ ದಾಂಡೇಲಿ, ಹಳಿಯಾಳ, ಹುಬ್ಬಳ್ಳಿಗೆ ಹೋದಾಗ ಲೀಟರಿಗೆ ಏಳೆಂಟು ರೂಪಾಯಿ ಹೆಚ್ಚು ತೆತ್ತು, ಗಾಡಿಗೆ ಒಳ್ಳೆಯದನ್ನು ಕುಡಿಸಿದೆವೆಂಬ ಸಮಾಧಾನದಿಂದ ಮರಳಲು ಮುಂದಾಗುತ್ತಿದ್ದಾರೆ.

ಈ ಸಮಾಧಾನಕ್ಕೆ ಆಧಾರವಿಲ್ಲ. ಕಾರು ತಯಾರಿಸಿದವರೇ ಬೇಕೆಂದು ಹೇಳದ ಹೊರತು ಹೆಚ್ಚಿನ ಆಕ್ಟೇನ್‌ನ ಪೆಟ್ರೋಲು ಸಾಮಾನ್ಯ ಕಾರಿಗೆ ಶಕ್ತಿಯನ್ನೂ ಕೊಡದು, ಮೈಲೇಜನ್ನೂ ಕೊಡದು. ಕೊಟ್ಟಂತೆ ಅನಿಸಿದರೂ ತೆತ್ತ ಹಣಕ್ಕೆ ಅದು ಸಾಟಿಯಾಗದು.

ಆಕ್ಟೇನ್ ಎಂಬುದು ಶಕ್ತಿಯ ಅಳತೆಯೆಂದು ತಿಳಿದವರೇ ಹೆಚ್ಚು. ವಿದ್ಯಾರ್ಥಿಗಳಾದರೂ ಇದನ್ನು ಸರಿಯಾಗಿ ಅರಿಯಬೇಕು. ಎಂಜಿನ್ನಿನ ಸಿಲಿಂಡರಿನೊಳಗೆ ಪೆಟ್ರೋಲಿನ ಆವಿ ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಒತ್ತಿ ಹಿಡಿಯುತ್ತದೆ. ಆಮೇಲೆ ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಅದು ಉರಿಯಬೇಕು. ಕೆಲವೊಮ್ಮೆ ಒತ್ತಡ ಮತ್ತು ಕಾವಿನಿಂದಾಗಿ, ಬೆಂಕಿಯ ಅಲೆ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನೇ ಸಿಡಿಯುತ್ತದೆ. ಆಗ ಕೇಳುವ ಲೋಹದ ಕಟಕಟ ಸದ್ದಿಗೆ ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುತ್ತಾರೆ. ಇಂಥ ಸಿಡಿತವನ್ನು ಪೆಟ್ರೋಲು ಎಷ್ಟು ತಾಳಿಕೊಳ್ಳುತ್ತದೆ ಎಂಬುದನ್ನಷ್ಟೇ ಆಕ್ಟೇನ್ ಸಂಖ್ಯೆ ಹೇಳುತ್ತದೆ. ಐಸೊ-ಆಕ್ಟೇನ್ ಎಂಬ ದ್ರವಕ್ಕೆ 100, ಸುಲಭವಾಗಿ ಸಿಡಿಯುವ ಹೆಪ್ಟೇನ್‌ಗೆ ಸೊನ್ನೆ ಎಂದಿಟ್ಟುಕೊಂಡು ಅವುಗಳ ಮಿಶ್ರಣದೊಡನೆ ಹೋಲಿಸಿ ಈ ಸಂಖ್ಯೆಯನ್ನು ಗೊತ್ತುಮಾಡುತ್ತಾರೆ. ಒಂದು ಲೀಟರಿನಲ್ಲಿ ಅಡಗಿರುವ ಉಷ್ಣ ಎಷ್ಟೆಂಬ ಪ್ರಶ್ನೆಗೂ ಇದಕ್ಕೂ ಸಂಬಂಧವಿಲ್ಲ.

ಮಿಶ್ರಣವನ್ನು ಹೆಚ್ಚು ಒತ್ತುವ ಎಂಜಿನ್ನಿಗೆ, ಟರ್ಬೊ ಇರುವ ಕೆಲವು ಎಂಜಿನ್ನುಗಳಿಗೆ ಹೆಚ್ಚಿನ ಆಕ್ಟೇನ್ ಬೇಕು. ಅವುಗಳ ಕೈಪಿಡಿಯಲ್ಲಿ ಹಾಗೆಂದು ಬರೆದಿರುತ್ತದೆ. ಅಂಥ ಕಾರಿನ ಒಡೆಯರ ವಿಷಯ ಬೇರೆ. ಈ ಕಣಿವೆಯ ಊರುಗಳಲ್ಲಿ ಓಡುವ ಸಣ್ಣ ಕಾರುಗಳನ್ನು ಸಾದಾ ಪೆಟ್ರೋಲಿಗೆಂದೇ ರೂಪಿಸಲಾಗಿದೆ. ಸಿಡಿಯದೇ ಇರುವ ಎಂಜಿನ್ನಿಗೆ ಸಿಡಿತ ತಡೆಯುವ ಗುಣವನ್ನು ಇನ್ನಷ್ಟು ಕೊಟ್ಟರೆ ಆಗುವ ಲಾಭವಾದರೂ ಯಾವುದು? ಜ್ವರವಿಲ್ಲದವನಿಗೆ ಜ್ವರದ ಕಷಾಯ ಕುಡಿಸಿದಂತೆ.

‘ಪವರ್’ ಎಂಬ ಮಾತಿನ ಬೆಲೆ ಗಣೇಶಗುಡಿಗೆ ತಿಳಿಯದ್ದಲ್ಲ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆ ಎದ್ದಾಗ ಹಳೆಯ ಸೂಪಾ ಊರು ನೀರಿನಡಿ ಸೇರಿತು. ಅಲ್ಲಿಯ ಕುಟುಂಬಗಳು ರಾಮನಗರದಂಥ ಹೊಸ ನೆಲೆಗಳಿಗೆ ಗಂಟುಮೂಟೆ ಕಟ್ಟಿದವು. ಅಣೆಕಟ್ಟೆಯ ಬುಡದ ವಿದ್ಯುದಾಗಾರದಲ್ಲಿ ತಲಾ 50 ಮೆಗಾವಾಟಿನ ಎರಡು ಘಟಕಗಳಿವೆ. ಆ ಶಕ್ತಿಗೆ ತೆತ್ತ ಬೆಲೆ ನ್ಯಾಯವೋ ಅನ್ಯಾಯವೋ, ಅದನ್ನು ಮೀಟರಿನಲ್ಲಿ ಅಳೆದು ತೋರಿಸಲಾದರೂ ಬರುತ್ತದೆ. ಸಾಮಾನ್ಯ ಕಾರಿನ ಟ್ಯಾಂಕಿಗೆ ಬಿದ್ದ ‘ಪವರ್’ಗೆ ಅಂಥ ಲೆಕ್ಕವೂ ಇಲ್ಲ.

ಘಟ್ಟವೇರಲು ಇದು ಬೇಕೇಬೇಕು ಎಂಬ ವಾದವಂತೂ ತಲೆಕೆಳಗಾದದ್ದು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಸಿಲಿಂಡರಿನೊಳಗಿನ ಒತ್ತಡ ತಗ್ಗುತ್ತದೆ, ನಾಕಿಂಗ್‌ನ ಸಾಧ್ಯತೆ ಕಡಿಮೆಯಾಗುತ್ತದೆ. ಅಮೆರಿಕದ ರಾಕಿ ಪರ್ವತಸೀಮೆಯ ರಾಜ್ಯಗಳಲ್ಲಿ ಬಯಲಿಗಿಂತ ಕಡಿಮೆ ಆಕ್ಟೇನ್‌ನ ಪೆಟ್ರೋಲನ್ನು ಮಾರುವ ರೂಢಿ ಬಂದದ್ದು ಇದೇ ಕಾರಣದಿಂದ. ಕದ್ರಾ ಕಡೆಯಿಂದ ಅಣಶಿ ಘಟ್ಟವನ್ನು ಹತ್ತುವಾಗ ಎಂಜಿನ್ ಕಟಕಟ ಎಂದರೆ ಬಹುತೇಕ ಅದು ಮೇಲಿನ ಗೇರಿನಲ್ಲೇ ಎಳೆಯುತ್ತಿರುವ ಚಾಲಕನ ವಿರುದ್ಧದ ದೂರು. ಗೇರು ಇಳಿಸಿದರೆ ಸದ್ದು ಅಡಗುತ್ತದೆ. ಅಡಗದಿದ್ದರೆ ಒಳಗೆ ಮಸಿ ಕಟ್ಟಿರಬಹುದು, ಪ್ಲಗ್ ಕೆಟ್ಟಿರಬಹುದು. ಅದನ್ನು ಗ್ಯಾರೇಜಿನಲ್ಲಿ ತೋರಿಸಬೇಕು. ಇಂದಿನ ಕಾರುಗಳ ಎಂಜಿನ್ನಿನಲ್ಲಿ ನಾಕಿಂಗ್ ಗುರುತಿಸುವ ಸಂವೇದಕವೊಂದಿದ್ದು, ಸಿಡಿತ ಕಂಡೊಡನೆ ಕಿಡಿಯ ಸಮಯವನ್ನು ತಾನೇ ಹಿಂದೆ ಸರಿಸುತ್ತದೆ.

ದುಬಾರಿ ಪೆಟ್ರೋಲಿನಲ್ಲಿ ಎಂಜಿನ್ ಶುಚಿಗೊಳಿಸುವ ರಾಸಾಯನಿಕಗಳಿವೆ ಎಂಬುದು ಮಾರುವವರ ಇನ್ನೊಂದು ಮಾತು. ಅವು ಇರುವುದು ನಿಜ, ಇಂಧನ ಸಿಂಪಡಿಸುವ ಸೂಕ್ಷ್ಮ ರಂಧ್ರಗಳನ್ನು ಸ್ವಚ್ಛವಾಗಿಡಲು ಸ್ವಲ್ಪ ನೆರವಾಗುವುದೂ ನಿಜ. ಆದರೆ ಕಾಲಕಾಲಕ್ಕೆ ಗಾಳಿಯ ಫಿಲ್ಟರ್ ಬದಲಿಸದ, ಟೈರಿಗೆ ಗಾಳಿ ತುಂಬಿಸದ ಗಾಡಿಗೆ ಅದರಿಂದ ಉದ್ಧಾರವಿಲ್ಲ.

ಹಣದ ಲೆಕ್ಕ ನೋಡಿದರೆ ಮರುಳಿನ ಆಳ ತಿಳಿಯುತ್ತದೆ. ಬಾಡಿಗೆಗೆ ಓಡುವ ಕಾರೊಂದು ವರ್ಷಕ್ಕೆ 20,000 ಕಿಲೋಮೀಟರ್ ಓಡಿ ಲೀಟರಿಗೆ 16 ಕಿಲೋಮೀಟರ್ ಕೊಡುತ್ತದೆಂದು ಹಿಡಿಯೋಣ. ಬೇಕಾಗುವುದು 1,250 ಲೀಟರ್. ಲೀಟರಿಗೆ 8 ರೂಪಾಯಿ ಹೆಚ್ಚೆಂದರೆ ವರ್ಷಕ್ಕೆ 10,000 ರೂಪಾಯಿ. ನೂರು ರೂಪಾಯಿಯ ಆಸುಪಾಸಿನ ಪೆಟ್ರೋಲಿನಲ್ಲಿ ಇದನ್ನು ಮರಳಿ ಪಡೆಯಬೇಕಾದರೆ ಮೈಲೇಜ್ ಹದಿನಾರರಿಂದ ಹದಿನೇಳೂಕಾಲಿನ ಹತ್ತಿರಕ್ಕೆ ಏರಬೇಕು, ಅದು ಏರುವುದಿಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಹೆಚ್ಚಿಸಿ ಲೀಟರಿಗೆ ಮೂರು ರೂಪಾಯಿ ಏರಿದಾಗ ಊರೂರಲ್ಲಿ ಪ್ರತಿಭಟನೆಗಳಾದವು. ಅದರ ಎರಡು ಪಟ್ಟಿಗೂ ಮೀರಿದ ಮೊತ್ತವನ್ನು ಬಂಕಿನಲ್ಲಿ ಒಂದು ಮಾತನ್ನೂ ಕೇಳದೆ ತೆರಲಾಗುತ್ತಿದೆ! ಈ ಮರುಳು ಭಾರತದ್ದು ಮಾತ್ರವಲ್ಲ. ಅಮೆರಿಕದ ವಾಹನ ಮಾಲೀಕರ ಸಂಘ 2016ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ, ಸಾದಾ ಪೆಟ್ರೋಲ್ ಸಾಕಾಗುವ ಕಾರುಗಳಿಗೆ ಪ್ರೀಮಿಯಂ ತುಂಬಿಸಿ ಅಲ್ಲಿಯ 1.65 ಕೋಟಿ ಚಾಲಕರು ಒಂದೇ ವರ್ಷದಲ್ಲಿ 210 ಕೋಟಿ ಡಾಲರಿಗೂ ಹೆಚ್ಚು ಹಣ ಪೋಲು ಮಾಡಿದ್ದರು.

ಆಕ್ಟೇನಿನ ಬೆನ್ನು ಹತ್ತಿದ್ದರ ಚರಿತ್ರೆಯೂ ಪರಿಸರದ ಮಾತಾಡುವವರಿಗೆ ಗೊತ್ತಿರಬೇಕು. 1921ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಥಾಮಸ್ ಮಿಜ್ಲಿ ಎಂಬಾತ ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆಂದು ಕಂಡುಕೊಂಡ. 1923ರಲ್ಲಿ ಅದು ‘ಎಥಿಲ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಹೆಸರಿನಲ್ಲಿ ಸೀಸದ ಸುಳಿವಿರಲಿಲ್ಲ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಘಟಕವೊಂದರಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರು ಬುದ್ಧಿಭ್ರಮಣೆಗೊಂಡರು, ಐವರು ಸತ್ತರು. ಆದರೂ ಮಾರಾಟ ಶಾಶ್ವತವಾಗಿ ನಿಲ್ಲಲಿಲ್ಲ. ಆಲ್ಕೋಹಾಲ್ ಕೂಡ ಇದೇ ಕೆಲಸ ಮಾಡಬಲ್ಲದೆಂಬುದು ಆ ಪ್ರಯೋಗಾಲಯದವರಿಗೆ ತಿಳಿದಿತ್ತು. ಯಾರು ಬೇಕಾದರೂ ಭಟ್ಟಿ ಇಳಿಸಬಹುದಾದ ದ್ರವದಲ್ಲಿ ಪೇಟೆಂಟಿನ ಲಾಭ ಇರಲಿಲ್ಲ. ಮುಂದಿನ ಹಲವು ದಶಕಗಳ ಕಾಲ ಲೋಕದ ಮಕ್ಕಳು ಆ ಸೀಸವನ್ನು ಉಸಿರಾಡಿದರು. ಭಾರತದಾದ್ಯಂತ ಸೀಸದ ಪೆಟ್ರೋಲ್ ನಿಂತದ್ದು 2000ದ ಫೆಬ್ರುವರಿಯಲ್ಲಿ. ಜಗತ್ತಿನ ಕೊನೆಯ ದೇಶವಾಗಿ ಅಲ್ಜೀರಿಯ ಅದನ್ನು ಕೈಬಿಟ್ಟದ್ದು 2021ರ ಜುಲೈನಲ್ಲಿ.

ಸೀಸ ಹೋದ ಮೇಲೆ ಆಕ್ಟೇನ್ ಏರಿಸಲು ತೈಲ ಶುದ್ಧೀಕರಣ ಘಟಕಗಳು ಇತರ ದಾರಿಗಳನ್ನು ನೆಚ್ಚಿಕೊಂಡಿವೆ. ಪ್ಲಾಟಿನಂ ವೇಗವರ್ಧಕದ ಮೇಲೆ ಸುಮಾರು 500 ಡಿಗ್ರಿ ಕಾವಿನಲ್ಲಿ ನಾಫ್ತಾವನ್ನು ಹಾಯಿಸಿ ಬೆಂಜೀನಿನ ಬಳಗದ ದ್ರವಗಳನ್ನು ಹೆಚ್ಚಿಸುವುದು ಅವುಗಳಲ್ಲೊಂದು. ಇದಕ್ಕೆ ಹೆಚ್ಚು ಇಂಧನ ಉರಿಯಬೇಕು, ಒಂದಿಷ್ಟು ಕಚ್ಚಾವಸ್ತು ಅನಿಲವಾಗಿ ಹೋಗುತ್ತದೆ. ಬೆಂಜೀನ್ ಕ್ಯಾನ್ಸರ್ ತರುವಂಥದ್ದಾದ್ದರಿಂದ ಪೆಟ್ರೋಲಿನಲ್ಲಿ ಅದು ಶೇ. 1ನ್ನು ಮೀರಬಾರದೆಂಬ ನಿಯಮವಿದೆ. ಹೊಗೆ ಶುಭ್ರವಾದದ್ದು ಇಂಥ ನಿಯಮಗಳಿಂದ. 2020ರ ಏಪ್ರಿಲ್ 1ರಿಂದ ಬಂದ ಭಾರತ್ ಸ್ಟೇಜ್ 6 ಮಾನದಂಡ ಗಂಧಕದ ಮಿತಿಯನ್ನು ಹತ್ತು ಲಕ್ಷದಲ್ಲಿ 50 ಭಾಗದಿಂದ 10ಕ್ಕೆ ಇಳಿಸಿತು. ಸಾದಾ, ದುಬಾರಿ ಎಂಬ ಭೇದವಿಲ್ಲದೆ ಎಲ್ಲ ಪೆಟ್ರೋಲಿಗೂ ಅದು ಅನ್ವಯಿಸಿತು. ಕಾಳಿ ಹುಲಿ ಮೀಸಲು ಅರಣ್ಯದ ಅಂಚಿನಲ್ಲಿ ದುಬಾರಿ ಪೆಟ್ರೋಲು ಸುಟ್ಟವರೂ ಲೀಟರಿಗೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡನ್ನೇ ಬಿಟ್ಟುಹೋಗುತ್ತಾರೆ.

ಇನ್ನು ಸಂಖ್ಯೆಗಳ ಮಾತು. ಹಿಂದೆ ಸಾದಾ ಪೆಟ್ರೋಲಿನ ಆಕ್ಟೇನ್ 88 ಇತ್ತು, ಆಮೇಲೆ 91 ಆಯಿತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ, ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು 2025ರ ಹೊತ್ತಿಗೆ ದೇಶದೆಲ್ಲೆಡೆ ಹಬ್ಬಿತು. ಎಥೆನಾಲಿನ ಸ್ವಂತ ಆಕ್ಟೇನ್ ಸುಮಾರು 108. ಹೀಗಾಗಿ ಈ ಮಿಶ್ರಣದ ಆಕ್ಟೇನ್ 95ರಷ್ಟಿದೆಯೆಂದು ಕೇಂದ್ರದ ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಹಳಿಯಾಳದಂಥ ಸೀಮೆಯಲ್ಲಿ ಬೆಳೆಯುವ ಕಬ್ಬಿನ ಹಾಲು, ಕಾಕಂಬಿಗಳಿಂದಲೂ ಎಥೆನಾಲ್ ಆಗುತ್ತದೆ. ಸಾದಾ ಪೆಟ್ರೋಲಿಗೇ ಈ ಸಂಖ್ಯೆ ಬಂದ ಮೇಲೆ 95 ಎಂಬ ಹಲಗೆ ತೋರಿಸಿ ಹೆಚ್ಚು ದುಡ್ಡು ಕೇಳುವುದರ ಅರ್ಥವೇನು?

ಎಥೆನಾಲಿಗೆ ಹೆದರಿ ದುಬಾರಿ ಪೆಟ್ರೋಲಿನ ಮೊರೆಹೋದವರೂ ಇದ್ದಾರೆ. ಅವರ ಅಳಲು ಸುಳ್ಳಲ್ಲ. ಎಥೆನಾಲಿನಲ್ಲಿ ಲೀಟರಿಗೆ ದೊರೆಯುವ ಉಷ್ಣ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಕಡಿಮೆ. ಹಳೆಯ ವಿನ್ಯಾಸದ ಕಾರುಗಳಲ್ಲಿ ಮೈಲೇಜ್ ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಆದರೆ ಬೆಲೆ ಹೆಚ್ಚೆಂದ ಮಾತ್ರಕ್ಕೆ ಅದರಲ್ಲಿ ಎಥೆನಾಲ್ ಇಲ್ಲವೆಂದಾಗದು. 2020ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ ಮಾರುಕಟ್ಟೆಗೆ ತಂದ ನೂರು ಆಕ್ಟೇನಿನ ಪೆಟ್ರೋಲಿಗೆ ಆಗಲೇ ದಿಲ್ಲಿಯಲ್ಲಿ ಲೀಟರಿಗೆ 160 ರೂಪಾಯಿ. ಅದು ಹಳೆಯ ವ್ಯಾಗನ್-ಆರ್ ಓಡಿಸಿ ಹೊಟ್ಟೆ ಹೊರೆಯುವವನ ದಾರಿಯೇ?

ಹೋರಾಟ ನಡೆಯಬೇಕಾದ ಜಾಗ ಬೇರೆ ಇದೆ. ಎಥೆನಾಲಿಲ್ಲದ ಪೆಟ್ರೋಲೂ ಸಿಗಬೇಕು, ಬಂಕಿನಲ್ಲಿ ಎಥೆನಾಲಿನ ಪ್ರಮಾಣವನ್ನು ಸ್ಪಷ್ಟವಾಗಿ ಬರೆದು ತೋರಿಸಬೇಕು ಎಂದು ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು. ನ್ಯಾಯಾಲಯ ಕೈಚೆಲ್ಲಿತೆಂದು ಕೊಳ್ಳುವವರು ಸುಮ್ಮನಾಗಬೇಕಿಲ್ಲ. ಕೊಳ್ಳುವ ವಸ್ತುವಿನ ಗುಣಮಟ್ಟ, ಶುದ್ಧತೆ, ಬೆಲೆಗಳನ್ನು ತಿಳಿಯುವ ಹಕ್ಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಎಲ್ಲರಿಗೂ ಕೊಟ್ಟಿದೆ. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಾಲೂಕಿನ ಬಂಕುಗಳಿಗೆ ಹೋಗಿ, ಪ್ರತಿಯೊಂದು ಪಂಪಿನ ಮೇಲೂ ಆಕ್ಟೇನ್ ಎಷ್ಟು, ಎಥೆನಾಲ್ ಶೇಕಡಾ ಎಷ್ಟು ಎಂದು ಕನ್ನಡದಲ್ಲಿ ಬರೆಯಿಸುವಂತೆ ಲಿಖಿತವಾಗಿ ಕೇಳಬಹುದು. ಅಷ್ಟರಲ್ಲಿ ಗಾಡಿಯುಳ್ಳವರು ಪೆಟ್ರೋಲ್ ಮುಚ್ಚಳದ ಒಳಬದಿಯನ್ನೋ ಕಾರಿನೊಡನೆ ಬಂದ ಕೈಪಿಡಿಯನ್ನೋ ತೆರೆದು ನೋಡಿದರೆ, ಅವರ ಎಂಜಿನ್ನಿಗೆ ಬೇಕಾದ ಸಂಖ್ಯೆ ಸಾಮಾನ್ಯವಾಗಿ ಅಲ್ಲಿಯೇ ಸಿಗುತ್ತದೆ.