ವೈಫೈ ಫುಲ್ ಇದೆ, ಆಂಬುಲೆನ್ಸ್‌ಗೆ ಕಾಲ್ ಹೋಗ್ತಿಲ್ಲ

ಕಳೆದ ಸೆಮಿಸ್ಟರ್‌ನ ಎರಡನೇ ಇಂಟರ್ನಲ್ಸ್ ಸಮಯ. ರಾತ್ರಿ ಒಂದೂವರೆ. ಮರುದಿನದ ಪೇಪರ್‌ಗೆ ಕೊನೇ ಮಾಡ್ಯೂಲ್ ತಿರುವಿ ಹಾಕ್ತಾ ಕೂತಿದ್ದೆ. ಪಕ್ಕದ ಮಂಚದಲ್ಲಿ ಮಲಗಿದ್ದ ನನ್ನ ರೂಮ್‌ಮೇಟ್, ಗದಗ ಕಡೆಯವನು, ಎದ್ದು ಕೂತು ಎದೆ ಹಿಡ್ಕೊಂಡ. "ಲೇ, ದಮ್ಮು ಹತ್ತೇತಿ... ಇನ್ಹೇಲರ್ ಖಾಲಿ ಆಗೇತಿ" ಅಂದ. ಅವನಿಗೆ ಅಸ್ತಮಾ ಇದೆ ಅಂತ ಗೊತ್ತಿತ್ತು. ಆದ್ರೆ ಒಂದು ವಾಕ್ಯ ಪೂರ್ತಿ ಹೇಳೋಕೂ ಆಗದಷ್ಟು ಜೋರಾಗಿ ಬಂದಿದ್ದನ್ನ ಅವತ್ತೇ ಮೊದಲು ನೋಡಿದ್ದು.

ನಮ್ಮ ಬ್ಲಾಕ್‌ನ ಹಿಂದಿನ ಸಾಲಿನ ರೂಮುಗಳಿಗೆ ಸಿಮ್ ಸಿಗ್ನಲ್ ಬರೋದು ಅಪರೂಪ. ವೈಫೈ ಮಾತ್ರ ಫುಲ್. ಹಾಗಾಗಿ ಅಮ್ಮನಿಗಾಗಲಿ, ಕ್ಲಾಸ್‌ಮೇಟ್‌ಗಾಗಲಿ, ನಮ್ಮ ಎಲ್ಲಾ ಕಾಲ್‌ಗಳೂ ಮೆಸೇಜಿಂಗ್ ಆ್ಯಪ್‌ನಲ್ಲೇ. ಅಭ್ಯಾಸಬಲ ನೋಡಿ, ಆ ಗಾಬರಿಯಲ್ಲಿ ನಾನು ಅದೇ ಆ್ಯಪ್ ತೆಗೆದು ಸರ್ಚ್‌ನಲ್ಲಿ 108 ಅಂತ ಟೈಪ್ ಮಾಡಿದೆ. ಏನು ಬರುತ್ತೆ? ಏನೂ ಇಲ್ಲ. ಸೀನಿಯರ್ ಒಬ್ಬರಿಗೆ ಅದ್ರಲ್ಲೇ ಕಾಲ್ ಮಾಡಿದೆ, ಮಲಗಿದ್ರು. ಆಮೇಲೆ ಡೈಲರ್‌ನಲ್ಲಿ 108 ಒತ್ತಿದೆ, ಕನೆಕ್ಟ್ ಆಗಲಿಲ್ಲ. ಕಾರಿಡಾರ್‌ನಲ್ಲಿ ಗೋಡೆಗೆ ಹಾಕಿರೋ ಐಪಿ ಫೋನ್ ಹತ್ರ ಓಡಿದೆ. 108 ಒತ್ತಿದ್ರೆ ಎಂಗೇಜ್ ಟೋನ್. ಹೊರಗಿನ ಲೈನ್ ಬೇಕಂದ್ರೆ ಮೊದಲು ಸೊನ್ನೆ ಒತ್ತಬೇಕು, ಆ ಸೌಲಭ್ಯನೂ ವಾರ್ಡನ್ ರೂಮಿನ ಫೋನ್‌ಗೆ ಮಾತ್ರ ಇದೆ ಅನ್ನೋದು ಗೊತ್ತಾಗಿದ್ದು ಮಾರನೇ ದಿನ.

ಕೊನೆಗೆ ಮೆಸ್ ಹಿಂದಿನ ಕಾಂಪೌಂಡ್ ತನಕ ಓಡಿ, ಅಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಕ್ಕಿ, ಕಾಲ್ ಹೋಯ್ತು. "ಯಾವ ತಾಲ್ಲೂಕು ಸರ್? ಹತ್ತಿರದ ಲ್ಯಾಂಡ್‌ಮಾರ್ಕ್ ಹೇಳಿ" ಅಂತ ಆ ಕಡೆಯಿಂದ ಕೇಳಿದ್ರು. ನಾನು ಕಾಲೇಜ್ ಹೆಸರು ಹೇಳಿದೆ. ಆಂಬುಲೆನ್ಸ್ ಸರಿಯಾಗಿ ಮೇನ್ ಗೇಟ್‌ಗೇ ಬಂತು. ಹಾಸ್ಟೆಲ್ ಇರೋದು ಹಿಂದಿನ ಗೇಟ್ ಪಕ್ಕ.

ಅವನು ಹುಷಾರಾದ. ನೆಬ್ಯುಲೈಜರ್ ಹಾಕಿ, ಎರಡು ದಿನ ಇಟ್ಕೊಂಡು ಕಳಿಸಿದ್ರು. ಆದ್ರೆ ಆಮೇಲೆ ನಾನು ಕಾಲ್ ಹಿಸ್ಟರಿ ತೆಗೆದು ನೋಡಿದೆ. ಸೀನಿಯರ್‌ಗೆ ಮಾಡಿದ ಮೊದಲ ಕಾಲ್ 1:34ಕ್ಕೆ. 108ಕ್ಕೆ ಕನೆಕ್ಟ್ ಆಗಿದ್ದು 1:45ಕ್ಕೆ. ಹನ್ನೊಂದು ನಿಮಿಷ. ನೆಟ್‌ವರ್ಕ್ಸ್ ಪೇಪರ್‌ನಲ್ಲಿ ಒಳ್ಳೇ ಗ್ರೇಡ್ ತಗೊಂಡವನು ನಾನು. ಕೈಯಲ್ಲಿರೋ ಯಾವ ಫೋನ್ ಯಾವಾಗ ಆಂಬುಲೆನ್ಸ್‌ಗೆ ಕಾಲ್ ಮಾಡುತ್ತೆ ಅನ್ನೋದು ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಾ?

ಯಾಕೆ ಹೀಗೆ ಅಂತ ಸ್ವಲ್ಪ ನೋಡೋಣ. ಅಜ್ಜಿ ಮನೆಯ ಹಳೇ ಲ್ಯಾಂಡ್‌ಲೈನ್ ನೆನಪಿಸಿಕೊಳ್ಳಿ. ಎಕ್ಸ್‌ಚೇಂಜ್‌ನಿಂದ ಹೊರಟ ಒಂದು ಜೋಡಿ ತಾಮ್ರದ ತಂತಿ ಒಂದೇ ಮನೆಯಲ್ಲಿ ಕೊನೆಯಾಗ್ತಿತ್ತು. ನಂಬರ್ ಗೊತ್ತಾದ್ರೆ ಮನೆ ಗೊತ್ತಾದಂಗೆ. ಕರೆಂಟ್ ಹೋದ್ರೂ ಫೋನ್ ನಡೀತಿತ್ತು, ಯಾಕಂದ್ರೆ ಅದಕ್ಕೆ ಬೇಕಾದ 48 ವೋಲ್ಟ್ ಎಕ್ಸ್‌ಚೇಂಜ್‌ನ ಬ್ಯಾಟರಿಯಿಂದಲೇ ಬರ್ತಿತ್ತು. ಮೊಬೈಲ್ ಬಂದ ಮೇಲೆ ಮನೆ ಹೋಗಿ ಟವರ್ ಬಂತು. ಅಷ್ಟು ನಿಖರ ಇಲ್ಲದಿದ್ರೂ, ಯಾವ ಸೆಲ್‌ನಿಂದ ಕಾಲ್ ಬಂತು ಅನ್ನೋದು ನೆಟ್‌ವರ್ಕ್‌ಗೆ ಗೊತ್ತಿರುತ್ತೆ. ಅದರ ಆಧಾರದ ಮೇಲೇ ಕಾಲನ್ನ ಆ ಪ್ರದೇಶದ ತುರ್ತು ಕೇಂದ್ರಕ್ಕೆ ತಿರುಗಿಸಬಹುದು.

ಇಂಟರ್ನೆಟ್ ಫೋನ್‌ಗೆ ಈ ಎರಡೂ ಇಲ್ಲ. ಧ್ವನಿ ಪ್ಯಾಕೆಟ್ ಆಗಿ ಹೋಗುತ್ತೆ, ಪ್ಯಾಕೆಟ್ ಮೇಲೆ ಇರೋದು ಐಪಿ ವಿಳಾಸ. ಅದು ಬೀದಿ ವಿಳಾಸ ಅಲ್ಲ. ನಮ್ಮ ಕ್ಯಾಂಪಸ್‌ನ ಸಾವಿರಾರು ಹುಡುಗ ಹುಡುಗೀರು ನ್ಯಾಟ್ ಹಿಂದೆ ಬೆರಳೆಣಿಕೆಯ ಪಬ್ಲಿಕ್ ಐಪಿಗಳನ್ನ ಹಂಚಿಕೊಂಡಿದೀವಿ. ಹೊರಗಿನವರಿಗೆ ನಾವೆಲ್ಲಾ ಒಂದೇ ಕಡೆ ಕೂತವರು. ವಿಪಿಎನ್ ಹಾಕಿದವನಂತೂ ಸಿಂಗಾಪುರದಲ್ಲಿ ಕೂತಿರ್ತಾನೆ. ಕರೆಂಟ್ ಹೋಗಿ ರೂಟರ್‌ಗೆ ಯುಪಿಎಸ್ ಇಲ್ಲದಿದ್ರೆ ಅದೂ ಸತ್ತಂತೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗೋದೂ, ಯಾರಿಗಾದ್ರೂ ಪೆಟ್ಟಾಗೋದೂ ಒಂದೇ ರಾತ್ರಿ ಆಗಬಹುದು ಅನ್ನೋದನ್ನ ಮರೀಬೇಡಿ.

ಇದನ್ನ ಆ್ಯಪ್‌ಗಳು ಮುಚ್ಚಿಟ್ಟಿಲ್ಲ. ತುರ್ತು ಸೇವೆಗಳಿಗೆ ಕಾಲ್ ಮಾಡೋ ಸೌಲಭ್ಯ ನಮ್ಮಲ್ಲಿಲ್ಲ ಅಂತ ವಾಟ್ಸ್ಆ್ಯಪ್ ತನ್ನ ಷರತ್ತುಗಳಲ್ಲೇ ಬರೆದಿದೆ. ನಾವು ಓದದೆ "ಐ ಅಗ್ರೀ" ಒತ್ತಿದೀವಿ ಅಷ್ಟೇ. 2017ರ ಅಕ್ಟೋಬರ್‌ನಲ್ಲಿ ಟ್ರಾಯ್ ಇಂಟರ್ನೆಟ್ ಟೆಲಿಫೋನಿ ಬಗ್ಗೆ ಶಿಫಾರಸು ಕೊಟ್ಟಾಗಲೂ ಇದು ಚರ್ಚೆಗೆ ಬಂದಿತ್ತು. ಟೆಲಿಕಾಂ ಕಂಪನಿಗಳು ಇಂಟರ್ನೆಟ್ ಟೆಲಿಫೋನಿ ಕೊಡುವಾಗ ತುರ್ತು ಕರೆಗೆ ಅವಕಾಶ ಮಾಡಿಕೊಡೋದನ್ನ ಪ್ರೋತ್ಸಾಹಿಸಿ, ಸದ್ಯಕ್ಕೆ ಕಡ್ಡಾಯ ಬೇಡ, ಆದ್ರೆ ಅದರ ಮಿತಿಗಳನ್ನ ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಲೇಬೇಕು ಅನ್ನೋದು ಟ್ರಾಯ್ ನಿಲುವಾಗಿತ್ತು.

ಈ ಘಟನೆ ಬಗ್ಗೆ ಕ್ಯಾಂಟೀನ್‌ನಲ್ಲಿ ಮಾತಾಡ್ತಿದ್ದಾಗ ಒಬ್ಬ ಫ್ರೆಂಡ್ ಅಂದ: "ಸಿಂಪಲ್ ಮಗಾ, ಎಲ್ಲಾ ಆ್ಯಪ್‌ನಲ್ಲೂ 112 ಬಟನ್ ಕಡ್ಡಾಯ ಮಾಡಿಬಿಟ್ರೆ ಆಯ್ತು." ಮೊದಲು ನನಗೂ ಹಾಗೇ ಅನ್ನಿಸಿತ್ತು. ಈಗ ಅನ್ನಿಸ್ತಿಲ್ಲ. ಈ ದಾರಿಯಲ್ಲಿ ನಮಗಿಂತ ಮುಂಚೆ ನಡೆದವರ ಕತೆ ಕೇಳಿ.

2005ರ ಆರಂಭದಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಕಳ್ಳರು ಮನೆಗೆ ನುಗ್ಗಿ ಅಪ್ಪ ಅಮ್ಮನಿಗೆ ಗುಂಡು ಹೊಡೆದಾಗ, ಮಗಳು ಮನೆಯ ಇಂಟರ್ನೆಟ್ ಫೋನ್‌ನಿಂದ 911 ಒತ್ತಿದಳು. ಕೇಳಿಸಿದ್ದು, ಈ ಫೋನ್‌ನಿಂದ 911 ಸಿಗಲ್ಲ ಅನ್ನೋ ರೆಕಾರ್ಡಿಂಗ್. ಅವಳು ಪಕ್ಕದ ಮನೆಗೆ ಓಡಬೇಕಾಯ್ತು. ಅದೇ ವರ್ಷ ಮೇ ತಿಂಗಳಲ್ಲಿ ಅಲ್ಲಿನ ಎಫ್‌ಸಿಸಿ, ಮಾಮೂಲಿ ಫೋನ್ ಜಾಲಕ್ಕೆ ಜೋಡಿಸಿಕೊಂಡ ಇಂಟರ್ನೆಟ್ ಫೋನ್ ಕಂಪನಿಗಳಿಗೆ 911 ಕಡ್ಡಾಯ ಮಾಡಿತು. ಗ್ರಾಹಕರಿಂದ ವಿಳಾಸ ಬರೆಸಿಕೊಳ್ಳಬೇಕು, ಮಿತಿಗಳನ್ನ ಹೇಳೋ ಎಚ್ಚರಿಕೆಯ ಸ್ಟಿಕ್ಕರ್ ಕೊಡಬೇಕು ಅಂತಲೂ ಹೇಳಿತು.

ಸಮಸ್ಯೆ ಮುಗೀತಾ? ಕೆನಡಾದಲ್ಲೂ ಇಂಥದ್ದೇ ನಿಯಮ ಬಂದಿತ್ತು. 2008ರ ಏಪ್ರಿಲ್‌ನಲ್ಲಿ ಕ್ಯಾಲ್ಗರಿಯ ಒಂದು ಮನೆಯಲ್ಲಿ ಒಂದೂವರೆ ವರ್ಷದ ಮಗುವಿಗೆ ಹುಷಾರು ತಪ್ಪಿತು. ಮನೆಯವರು ಇಂಟರ್ನೆಟ್ ಫೋನ್‌ನಿಂದ 911ಕ್ಕೆ ಕಾಲ್ ಮಾಡಿದ್ರು. ಕಾಲ್ ಹೋಯ್ತು, ಮಾತೂ ಆಯ್ತು. ಆಂಬುಲೆನ್ಸ್ ಹೊರಟಿದ್ದು ಮಾತ್ರ ಅವರು ಹಿಂದೆ ಇದ್ದ ಮಿಸ್ಸಿಸಾಗದ ಮನೆಗೆ, ಎರಡೂವರೆ ಸಾವಿರ ಕಿಲೋಮೀಟರ್‌ಗಿಂತ ಹೆಚ್ಚು ದೂರದ ಊರಿಗೆ. ಕಂಪನಿಯ ದಾಖಲೆಯಲ್ಲಿ ಹಳೇ ವಿಳಾಸವೇ ಇತ್ತು. ಕಾದು ಕಾದು, ಪಕ್ಕದ ಮನೆಯ ಫೋನ್‌ನಿಂದ ಮತ್ತೆ ಕಾಲ್ ಮಾಡಿದ ಮೇಲೆ ಸರಿಯಾದ ಆಂಬುಲೆನ್ಸ್ ಬಂತು. ಮಗು ಉಳಿಯಲಿಲ್ಲ.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹ್ಯೂಸ್ಟನ್‌ನಲ್ಲಿ ಕಾಲ್ ಹೋಗಲಿಲ್ಲ, ಹೋಗಿಲ್ಲ ಅಂತ ತಕ್ಷಣ ಗೊತ್ತಾಯ್ತು, ಹುಡುಗಿ ಬೇರೆ ದಾರಿ ಹುಡುಕಿದಳು. ಕ್ಯಾಲ್ಗರಿಯಲ್ಲಿ ಕಾಲ್ ಹೋಯ್ತು, ಎಲ್ಲಾ ಸರಿ ಇದೆ ಅಂತ ನಂಬಿ ಮನೆಯವರು ಕಾದ್ರು. ಅರ್ಧ ಕೆಲಸ ಮಾಡೋ ತುರ್ತು ಕರೆ, ಕೆಲಸವೇ ಮಾಡದ ಕರೆಗಿಂತ ಅಪಾಯಕಾರಿ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಕರೆ ಮಾಡಿದವರು ಎಲ್ಲಿದ್ದಾರೆ ಅನ್ನೋದನ್ನ ನಂಬಿಕೆಯಿಂದ ಹೇಳೋಕೆ ಆಗೋ ತನಕ ಆ್ಯಪ್‌ಗಳಿಗೆ 112 ಬಟನ್ ಹಾಕೋದೇ ಬೇಡ. ಬದಲಿಗೆ "ಇಲ್ಲಿಂದ ತುರ್ತು ಕರೆ ಹೋಗಲ್ಲ, ಡೈಲರ್ ಬಳಸಿ" ಅನ್ನೋ ಮಾತು ಷರತ್ತುಗಳ ಮೂಲೆಯಿಂದ ಹೊರಗೆ ಬಂದು ಸ್ಕ್ರೀನ್ ಮೇಲೆ ಕನ್ನಡದಲ್ಲಿ ಕಾಣಲಿ. ಯಾರಾದ್ರೂ ಸರ್ಚ್‌ನಲ್ಲಿ 108 ಅಂತ ಟೈಪ್ ಮಾಡಿದಾಗ ಖಾಲಿ ಪೇಜ್ ತೋರಿಸೋ ಬದಲು ಫೋನ್‌ನ ಡೈಲರ್ ತೆರೆದುಕೊಳ್ಳಲಿ. ಇದಕ್ಕೆ ಎಷ್ಟು ಸಾಲು ಕೋಡ್ ಬೇಕು ನೀವೇ ಹೇಳಿ.

ಕಂಪನಿಗಳ ಮಾತು ಬಿಡಿ, ಅವು ನಮ್ಮ ಕೈಯಲ್ಲಿಲ್ಲ. ಕ್ಯಾಂಪಸ್ ಇದೆಯಲ್ಲ?

ಕಾರಿಡಾರ್ ಫೋನ್‌ನಿಂದ ಶುರು ಮಾಡೋಣ. 2013ರಲ್ಲಿ ಅಮೆರಿಕದ ಟೆಕ್ಸಸ್‌ನ ಒಂದು ಹೋಟೆಲ್ ರೂಮಿನಲ್ಲಿ ತಾಯಿಯ ಮೇಲೆ ದಾಳಿ ಆದಾಗ ಒಂಬತ್ತು ವರ್ಷದ ಮಗಳು ನಾಲ್ಕು ಸಲ 911 ಒತ್ತಿದಳು. ಹೊರಗಿನ ಲೈನ್‌ಗೆ ಮೊದಲು ಇನ್ನೊಂದು 9 ಒತ್ತಬೇಕು ಅಂತ ಅವಳಿಗೆ ಗೊತ್ತಿರಲಿಲ್ಲ. ತಾಯಿ ಸತ್ತರು. ಆ ತಾಯಿಯ ಹೆಸರಲ್ಲೇ 2018ರಲ್ಲಿ ಕ್ಯಾರೀಸ್ ಲಾ ಅನ್ನೋ ಕಾನೂನು ಬಂತು: ಹೋಟೆಲ್, ಆಫೀಸ್, ಕ್ಯಾಂಪಸ್‌ಗಳ ಒಳಫೋನ್‌ನಿಂದ ಯಾವ ಅಂಕಿಯನ್ನೂ ಮುಂದೆ ಸೇರಿಸದೆ 911 ಹೋಗಬೇಕು, ಹೋದ ಕೂಡಲೇ ಕಟ್ಟಡದ ಸಿಬ್ಬಂದಿಗೂ ಸೂಚನೆ ಸಿಗಬೇಕು. ಅದು ಅಲ್ಲಿನ ಕಾನೂನು. ಆದ್ರೆ ನಮ್ಮ ಐಪಿ ಪಿಬಿಎಕ್ಸ್‌ನಲ್ಲಿ ಡಯಲ್ ಪ್ಲಾನ್ ಬದಲಾಯಿಸೋಕೆ ಕಾನೂನು ಬರೋ ತನಕ ಕಾಯಬೇಕಾ? 112 ಮತ್ತು 108 ಎಲ್ಲಾ ಎಕ್ಸ್‌ಟೆನ್ಶನ್‌ನಿಂದ ನೇರ ಹೋಗಲಿ, ಅದೇ ಹೊತ್ತಿಗೆ ಸೆಕ್ಯೂರಿಟಿ ರೂಮಿನಲ್ಲಿ "ಬಿ ಬ್ಲಾಕ್, ಎರಡನೇ ಮಹಡಿ" ಅಂತ ಕಾಣಲಿ. ಫೋನ್ ಗೋಡೆಗೆ ಹಾಕಿದ್ದು, ಅದರ ಜಾಗ ಬದಲಾಗಲ್ಲ. ಕ್ಯಾಲ್ಗರಿಯ ತೊಂದರೆ ಇಲ್ಲಿಲ್ಲ.

ಇನ್ನೊಂದು, ವೈಫೈ ಕಾಲಿಂಗ್. ಇದು ಆ್ಯಪ್ ಕಾಲ್ ಅಲ್ಲ, ನಿಮ್ಮ ಸಿಮ್ ಕಂಪನಿಯ ಸೇವೆಯೇ ವೈಫೈ ಮೂಲಕ ಬರೋದು. ಡೈಲರ್, ನಂಬರ್ ಎಲ್ಲಾ ಮಾಮೂಲಿನಂತೆ. ನನ್ನ ಫೋನ್‌ನಲ್ಲಿ ಅವತ್ತು ಅದು ಆಫ್ ಇತ್ತು. ಆನ್ ಮಾಡಿದ ಮೇಲೂ ಕೆಲವು ಕ್ಯಾಂಪಸ್ ಜಾಲಗಳಲ್ಲಿ ಅದು ನಡೆಯಲ್ಲ, ಯಾಕಂದ್ರೆ ಅದಕ್ಕೆ ಬೇಕಾದ ಐಪಿಸೆಕ್ ಟನಲ್ ಯುಡಿಪಿ 500 ಮತ್ತು 4500 ಪೋರ್ಟ್ ಬಳಸುತ್ತೆ, ಫೈರ್‌ವಾಲ್ ಅವನ್ನ ಮುಚ್ಚಿರುತ್ತೆ. ನೆಟ್‌ವರ್ಕ್ ಸೆಲ್‌ನವರು ಈ ಎರಡನ್ನ ತೆರೆದಿದ್ದಾರಾ ಅಂತ ಕೇಳೋಣ. ಇದರಲ್ಲೂ ಜಾಗದ ಮಾಹಿತಿ ಟವರ್‌ನಷ್ಟು ಭರವಸೆಯದ್ದಲ್ಲ, ಹಾಗಾಗಿ ವಿಳಾಸ ಬಾಯಲ್ಲಿ ಹೇಳೋಕೆ ಬರಲೇಬೇಕು.

ಅದಕ್ಕೇ ಮೂರನೇ ಬೇಡಿಕೆ, ಅತೀ ಅಗ್ಗದ್ದು: ಪ್ರತಿ ರೂಮಿನ ಬಾಗಿಲ ಹಿಂದೆ ಒಂದು ಚೀಟಿ. ಊರು, ತಾಲ್ಲೂಕು, ಬ್ಲಾಕ್, ಯಾವ ಗೇಟ್‌ನಿಂದ ಬರಬೇಕು, ಸೆಕ್ಯೂರಿಟಿ ನಂಬರ್. ಗಾಬರಿಯಲ್ಲಿ ಇರೋನಿಗೆ ತನ್ನ ಹಾಸ್ಟೆಲ್ ವಿಳಾಸವೂ ನೆನಪಾಗಲ್ಲ, ಅನುಭವದಿಂದ ಹೇಳ್ತಿದೀನಿ.

"ಅಷ್ಟೆಲ್ಲಾ ಯಾಕೆ, ಬೈಕ್‌ನಲ್ಲಿ ಕೂರಿಸ್ಕೊಂಡು ಆಸ್ಪತ್ರೆಗೆ ಹೋದ್ರಾಯ್ತು" ಅನ್ನೋರಿದ್ದಾರೆ. ನಿಜ, ಎಷ್ಟೋ ಸಲ ಹಾಗೇ ಮಾಡಿದೀವಿ. ಆದ್ರೆ ಫಿಟ್ಸ್ ಬಂದವನನ್ನ, ಮೆಟ್ಟಿಲಿಂದ ಬಿದ್ದು ಬೆನ್ನಿಗೆ ಪೆಟ್ಟಾದವನನ್ನ ಬೈಕ್ ಮೇಲೆ ಕೂರಿಸೋಕೆ ಆಗಲ್ಲ. ಮತ್ತೆ, ನಾನು ಸಿಗ್ನಲ್ ಹುಡುಕಿ ಮೆಸ್ ಹಿಂದೆ ಓಡಿದೆ. ಗರ್ಲ್ಸ್ ಹಾಸ್ಟೆಲ್ ಗೇಟ್ ರಾತ್ರಿ ಒಂಬತ್ತೂವರೆಗೆ ಬೀಗ. ಅಲ್ಲಿನ ಹುಡುಗಿ ಎಲ್ಲಿಗೆ ಓಡಬೇಕು?

ಕೊನೆಗೆ ನಮ್ಮದೇ ತಪ್ಪಿನ ಮಾತು. ಪ್ರತಿ ವರ್ಷ ಪ್ರಾಜೆಕ್ಟ್ ಎಕ್ಸ್‌ಪೋದಲ್ಲಿ ಮೂರ್ನಾಲ್ಕಾದ್ರೂ ಎಸ್‌ಒಎಸ್ ಆ್ಯಪ್ ಇರುತ್ತೆ. ಫೋನ್ ಅಲ್ಲಾಡಿಸಿದ್ರೆ ಲೊಕೇಶನ್ ಐದು ಜನಕ್ಕೆ ಹೋಗುತ್ತೆ ಅಂತ ಡೆಮೊ. ಚಪ್ಪಾಳೆ. ಡೇಟಾ ಆಫ್ ಮಾಡಿ ತೋರ್ಸಿ ಅಂತ ಯಾವ ಜಡ್ಜೂ ಕೇಳಿದ್ದು ನಾನು ನೋಡಿಲ್ಲ. ಆ ಐದು ಜನ ಮಲಗಿದ್ರೆ? ನನ್ನ ಸೀನಿಯರ್ ಮಲಗಿದ್ದರಲ್ಲ, ಹಾಗೆ. ಇಂಟರ್ನೆಟ್ ಫೋನ್‌ಗೆ ಜಾಗದ ಅರಿವು ತುಂಬೋಕೆ ಬೇಕಾದ ಗಟ್ಟಿ ಕೆಲಸ ಆಗಲೇ ಬರೆದಿಟ್ಟಿದೆ. ಯಾವ ಜಾಗದ ತುರ್ತು ಕರೆ ಯಾವ ಕೇಂದ್ರಕ್ಕೆ ಹೋಗಬೇಕು ಅಂತ ಹುಡುಕಿಕೊಡೋ ಲಾಸ್ಟ್ ಅನ್ನೋ ಪ್ರೋಟೊಕಾಲ್ 2008ರಲ್ಲೇ ಆರ್‌ಎಫ್‌ಸಿ 5222 ಆಗಿ ಬಂದಿದೆ. ಯಾವ ಆಕ್ಸೆಸ್ ಪಾಯಿಂಟ್‌ಗೆ ಯಾರು ಕನೆಕ್ಟ್ ಆಗಿದ್ದಾರೆ ಅನ್ನೋದು ನಮ್ಮ ಕ್ಯಾಂಪಸ್ ಕಂಟ್ರೋಲರ್‌ಗೆ ಗೊತ್ತು. ಇವೆರಡನ್ನ ಸೇರಿಸಿ ಯಾರಾದ್ರೂ ಫೈನಲ್ ಇಯರ್ ಪ್ರಾಜೆಕ್ಟ್ ಮಾಡಿ, ಚಪ್ಪಾಳೆ ನಾನು ಹೊಡೀತೀನಿ.

ಅಲ್ಲಿ ತನಕ ಇವತ್ತೇ ಮಾಡಬಹುದಾದ್ದು ಇಷ್ಟು. ಸೆಟ್ಟಿಂಗ್ಸ್‌ಗೆ ಹೋಗಿ ವೈಫೈ ಕಾಲಿಂಗ್ ಆನ್ ಮಾಡಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದ ಕಡೆ ಡೈಲರ್‌ನಿಂದ 112 ಒತ್ತಿ, 108 ಅಲ್ಲ. ಜಿಎಸ್‌ಎಂ ಕಾಲದಿಂದಲೂ 112 ಅನ್ನ ಫೋನ್ ತಾನೇ ತುರ್ತು ನಂಬರ್ ಅಂತ ಗುರುತಿಸುತ್ತೆ, ಬೇರೆ ಕಂಪನಿಯ ಟವರ್ ಸಿಕ್ಕಿದ್ರೂ ಅದರಿಂದ ಕಾಲ್ ಮಾಡೋಕೆ ನೋಡುತ್ತೆ. ಅವತ್ತು ರಾತ್ರಿ ನನ್ನ ಸ್ಕ್ರೀನ್ ಮೇಲೆ "ಎಮರ್ಜೆನ್ಸಿ ಕಾಲ್ಸ್ ಓನ್ಲಿ" ಅಂತ ಇತ್ತೇನೋ, ನಾನು ನೋಡಲೇ ಇಲ್ಲ. ಸುಮ್ನೆ ಟೆಸ್ಟ್ ಮಾಡೋಕೆ ಮಾತ್ರ 112 ಒತ್ತಬೇಡಿ, ಆ ಲೈನ್ ಬೇರೆ ಯಾರಿಗೋ ಬೇಕಾಗಿರುತ್ತೆ.

ಹಾಸ್ಟೆಲ್ ಕಮಿಟಿಗೆ ಈ ಮೂರು ಬೇಡಿಕೆಗಳ ಅರ್ಜಿ ಬರೆದಿದೀನಿ. ಮೊದಲ ಸಹಿ ನನ್ನ ರೂಮ್‌ಮೇಟ್‌ದು. ಅರ್ಜಿ ಸೋಮವಾರದ ತನಕ ಮೆಸ್ ನೋಟಿಸ್ ಬೋರ್ಡ್ ಪಕ್ಕ ಇರುತ್ತೆ, ಪೆನ್ನೂ ಕಟ್ಟಿದೀನಿ. ಊಟಕ್ಕೆ ಬಂದಾಗ ಒಂದು ಸಹಿ ಹಾಕಿ ಹೋಗಿ.