ಮಕ್ಕಳ ಕೈಗೆ ಸಲಿಕೆ ಕೊಡುವ ಮುನ್ನ

ಮಳೆಗಾಲ ಬಂತೆಂದರೆ ನಮ್ಮ ಶಾಲೆಗಳ ಅಂಗಳದಲ್ಲಿ ವನಮಹೋತ್ಸವ ಜರುಗುತ್ತದೆ. 1950ರಲ್ಲಿ ಕೆ. ಎಂ. ಮುನ್ಶಿಯವರು ಕೇಂದ್ರದ ಆಹಾರ ಮಂತ್ರಿಗಳಾಗಿದ್ದಾಗ ಆರಂಭಿಸಿದ ಉತ್ಸವವಿದು. ಮಾನ್ಯ ಅತಿಥಿಗಳು ಸಸಿ ಹಿಡಿದು ನಿಲ್ಲುತ್ತಾರೆ. ಮಕ್ಕಳು ಸಾಲಾಗಿ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಮರುವರ್ಷ ಅದೇ ತೆಗ್ಗಿನಲ್ಲಿ ಮತ್ತೊಂದು ಸಸಿ! ಹಿಂದಿನದು ಆಡಿನ ಬಾಯಿಗೆ ಹೋಯಿತೋ, ನೀರಿಲ್ಲದೆ ಒಣಗಿತೋ, ಮಕ್ಕಳನ್ನು ಯಾರೂ ಕೇಳುವುದಿಲ್ಲ.

ನಮ್ಮ ನಾಲ್ಕೂ ತಾಲೂಕುಗಳ ಶ್ರಮಜೀವಿಗಳ ಮಕ್ಕಳಿಗೆ ಮಣ್ಣಿನ ಪರಿಚಯ ತಪ್ಪುತ್ತಿದೆ ಎಂಬುದು ವಿಚಿತ್ರವಾದರೂ ನಿಜ. ರಬಕವಿ-ಬನಹಟ್ಟಿಯ ನೇಕಾರನ ಮಗು ಮಗ್ಗದ ಸಪ್ಪಳದಲ್ಲಿ ಬೆಳೆಯುತ್ತದೆ. ಮುಧೋಳ, ಜಮಖಂಡಿಗಳಲ್ಲಿ ಎತ್ತ ನೋಡಿದರೂ ಕಬ್ಬು. ಆದರೆ ಕಾರ್ಖಾನೆಯ ಕೂಲಿಕಾರನ ಮನೆಗೆ ಕೊತ್ತಂಬರಿಯೂ ಸಂತೆಯಿಂದಲೇ ಬರಬೇಕು. ಬೀಳಗಿ ತಾಲೂಕಿನ ಎಷ್ಟೋ ಮನೆತನಗಳ ಹೊಲ ಆಲಮಟ್ಟಿಯ ಹಿನ್ನೀರಿನ ಪಾಲಾಯಿತು. ಅಜ್ಜ ಉತ್ತ ಮಣ್ಣನ್ನು ಮೊಮ್ಮಗ ಕಾಣಲೇ ಇಲ್ಲ.

ಆದ್ದರಿಂದ ಮಕ್ಕಳ ದಳಗಳಲ್ಲಿ ತೋಟಗಾರಿಕೆಯನ್ನು ಕೈಯಾರೆ ಮಾಡಿಸಿ ಕಲಿಸಬೇಕೆಂದು ನಾವು ಹೇಳುತ್ತೇವೆ. ಇದು ಹೊಸ ಮಾತಲ್ಲ. 1937ರಲ್ಲಿ ವರ್ಧಾದಲ್ಲಿ ಗಾಂಧೀಜಿಯವರು ಮುಂದಿಟ್ಟ ಮೂಲಶಿಕ್ಷಣದಲ್ಲಿ ನೂಲುವುದು, ನೇಯುವುದರ ಜೊತೆಗೆ ಕೃಷಿಯೂ ಪಾಠವೇ ಆಗಿತ್ತು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳಕ್ಕೆ ಅಡಿಪಾಯ ಹಾಕಿದರು. 1941ರಲ್ಲಿ ಪುಣೆಯಲ್ಲಿ ಸಮಾಜವಾದಿಗಳ ರಾಷ್ಟ್ರ ಸೇವಾದಳ ಹುಟ್ಟಿತು. ಇಂದಿಗೂ ನಮ್ಮ ಶಾಲೆಗಳಲ್ಲಿ ಭಾರತ ಸೇವಾದಳವಿದೆ, ಸ್ಕೌಟು-ಗೈಡುಗಳಿವೆ. ಕವಾಯತು, ಧ್ವಜವಂದನೆ ಚೆನ್ನಾಗಿಯೇ ನಡೆಯುತ್ತವೆ. ಅದೇ ದಳಕ್ಕೆ ನಾಲ್ಕು ಮಡಿ ನೆಲ ಕೊಡಲು ಯಾರಿಗೇನು ಅಡ್ಡಿ? ಶಾಲೆಗಳಲ್ಲಿ ಪೌಷ್ಟಿಕ ತೋಟ ಮಾಡಿರೆಂದು ಕೇಂದ್ರ ಸರಕಾರವೇ 2019ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕಾಗದ ಬಂದಿದೆ, ಸಲಿಕೆ ಬರಬೇಕಾಗಿದೆ.

ಆದರೆ ಇಲ್ಲೊಂದು ಮಾತನ್ನು ನಾವು ನುಂಗಿಕೊಳ್ಳಲಾರೆವು. ಮಾಸ್ತರಿಕೆಯ ಕಾಲದಲ್ಲಿ ನಾವೊಂದು ಶಾಲೆಯ ತೋಟ ಕಂಡಿದ್ದೆವು. ಊರಿನ ಹೆಸರು ಬೇಡ. ತಡವಾಗಿ ಬಂದವನಿಗೆ ಕಳೆ ಕೀಳುವ ಶಿಕ್ಷೆ. ಕೊಡ ಹೊರುವ ಸರದಿ ಯಾವಾಗಲೂ ಒಂದೇ ಕೇರಿಯ ಹುಡುಗರಿಗೆ. ಬದನೆಕಾಯಿ ಮಾತ್ರ ದೊಡ್ಡವರ ಮನೆಯ ಚೀಲಕ್ಕೆ. ನಾವೂ ಆಗ ಬಾಯಿ ಬಿಡಲಿಲ್ಲ, ನೌಕರಿ ಹೊಸದು. ಇಂತಹ ತೋಟದಿಂದ ಮಗು ಕಲಿಯುವುದು ಬಿಟ್ಟಿ ಚಾಕರಿಯನ್ನು, ಜಾತಿಯನ್ನು. ಅದಕ್ಕಿಂತ ಬಯಲೇ ಲೇಸು.

ನೇಕಾರ ಬಂಧುಗಳು ಕೇಳಬಹುದು: "ಮನೆಯಲ್ಲಿ ಕಂಡಿಕೆ ಸುತ್ತುವ ಮಗುವನ್ನು ಬಿಡಿಸಿ ಅಲ್ಲಿ ಮಣ್ಣು ಹೊರಿಸುತ್ತೀರೇನು?" ನ್ಯಾಯವಾದ ಪ್ರಶ್ನೆ. 2016ರ ತಿದ್ದುಪಡಿಯು ಹದಿನಾಲ್ಕರ ಕೆಳಗಿನವರ ದುಡಿಮೆಯನ್ನು ನಿಷೇಧಿಸಿದರೂ ಶಾಲೆಯ ನಂತರ ಮನೆಯ ಉದ್ಯೋಗದಲ್ಲಿ ನೆರವಾಗುವುದನ್ನು ಬಿಟ್ಟುಕೊಟ್ಟಿತು. ಆ ಕಿಂಡಿಯಿಂದಲೇ ಮಕ್ಕಳ ಆಟದ ಹೊತ್ತು ಸೋರಿಹೋಗುತ್ತಿದೆ. ತಂದೆಗೆ ಮಜೂರಿ ಸಾಲದ್ದಕ್ಕೆ ಮಗುವಿನ ಬೆರಳು ಬೇಕಾಗುತ್ತದೆ. ಮಜೂರಿಯ ಹೋರಾಟ ಬೇರೆ ಇದ್ದೇ ಇದೆ. ತೋಟದಲ್ಲಿ ಮಾತ್ರ ಅಂಥ ಲೆಕ್ಕ ಇರಬಾರದು. ವಾರಕ್ಕೆರಡು ತಾಸು ಸಾಕು. ಬೆಳೆದದ್ದು ಬೆಳೆದವರ ಬಿಸಿಯೂಟದ ಸಾರಿಗೆ ಬೀಳಬೇಕು. ಸೆಗಣಿ ಬುಟ್ಟಿ ಗೌಡರ ಮಗನ ತಲೆಗೂ ಸರದಿಯಂತೆ ಬರಬೇಕು.

ಕೆಲಸ ಕಠಿಣವಲ್ಲ. ಮೊದಲು ಮೆಂತ್ಯ ಹಾಕಿಸಿರಿ. ನಾಲ್ಕೈದು ದಿನಕ್ಕೆ ಮೊಳಕೆ, ತಿಂಗಳೊಪ್ಪತ್ತಿನಲ್ಲಿ ಪಲ್ಲೆ. ಮಕ್ಕಳ ತಾಳ್ಮೆ ಅಷ್ಟೇ ಇರುತ್ತದೆ. ಆಮೇಲೆ ರಾಜಗಿರಿ, ಮೂಲಂಗಿ, ಪುಂಡಿಪಲ್ಲೆ; ಬೇಲಿಯಂಚಿಗೆ ನುಗ್ಗೆ, ಕರಿಬೇವು. ವರ್ಷಕ್ಕೆ 600 ಮಿ.ಮೀ. ಮಳೆಯೂ ಬೀಳದ ನಾಡಿನಲ್ಲಿ ಊಟದ ನಂತರ ಕೈ-ತಾಟು ತೊಳೆದ ನೀರನ್ನು ಮಡಿಗೆ ತಿರುಗಿಸಬೇಕು. ಕಬ್ಬಿಗೆ ಮಿತಿಮೀರಿ ಹರಿಸಿ ಸವುಳಾದ ಭೂಮಿಯನ್ನು ಒಮ್ಮೆ ತೋರಿಸಿ ತಂದರೆ, ನೀರು ಹೆಚ್ಚಾದರೂ ಕೇಡೆಂಬುದು ಅವಕ್ಕೆ ಕಣ್ಣಾರೆ ತಿಳಿಯುತ್ತದೆ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರು ತಮ್ಮದೇ ಹಣ, ತಮ್ಮದೇ ರಟ್ಟೆಯಿಂದ ಕೃಷ್ಣೆಗೆ ಅಡ್ಡಕಟ್ಟಿದ ಶ್ರಮಬಿಂದು ಸಾಗರವನ್ನೂ ಅದೇ ದಿನ ತೋರಿಸಬಹುದು.

ಕಠಿಣವಾದದ್ದು ರಜೆ. ದೀಪಾವಳಿಗೆ ಶಾಲೆಗೆ ಬೀಗ ಬಿದ್ದರೆ ಮಡಿ ಒಣಗುತ್ತದೆ, ದನ ನುಗ್ಗುತ್ತದೆ. ಆಗ ದಳದ ಮಕ್ಕಳೊಂದಿಗೆ ಓಣಿಯ ಹಿರಿಯರೊಬ್ಬರು ಸರದಿಗೆ ನಿಲ್ಲಬೇಕು. ಸಕ್ಕರೆ ಕಾರ್ಖಾನೆಯ ಗೆಳೆಯರು ಒಂದು ಟ್ರೇಲರ್ ಪ್ರೆಸ್‌ಮಡ್ ಗೊಬ್ಬರ ತರಿಸಿಕೊಡಲಿ. ಬೀಜದ ಅಂಗಡಿಯ ಸಾಹುಕಾರರು ಅರ್ಧ ಸೇರು ಮೆಂತ್ಯ ಕೊಡಲಿ. ಅದಕ್ಕೆ ಬೋರ್ಡಿನ ಮೇಲೆ ಹೆಸರು ಬರೆಸುವುದು ಬೇಡ. 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಶ್ವವಿದ್ಯಾಲಯ ನಮ್ಮ ಬಾಗಲಕೋಟೆಯಲ್ಲೇ ಇದೆ. ಅಲ್ಲಿಯ ವಿದ್ಯಾರ್ಥಿಗಳನ್ನು ತಿಂಗಳಿಗೊಮ್ಮೆ ಕರೆಸಲು ಮುಖ್ಯಗುರುಗಳು ಒಂದು ಪತ್ರ ಬರೆದರೆ ಸಾಕು.

ಬೇಲಿಗೆ ಜಾಲಿ ಮುಳ್ಳು ಈಗಲೇ ಕಡಿಸಿಡುವುದು ಒಳ್ಳೆಯದು. ಜೂನ್ ತಿಂಗಳ ಮೊದಲ ಮಳೆ ಬಿದ್ದ ಮೇಲೆ ಯಾರಿಗೂ ಕೈ ಬಿಡುವಿರುವುದಿಲ್ಲ.