ನಿಧಾನ ಉರಿಯ ಈರುಳ್ಳಿ ಸೂಪು



ಗೋವೆಯ ಫೋಂಡಾ ಕಡೆ ನೆಲೆಸಿರುವ ನಮ್ಮ ಅನೇಕ ಕನ್ನಡ ಕುಟುಂಬಗಳ ದಿನಚರಿ ಕಾರ್ಖಾನೆಯ ಪಾಳಿಗೆ ಕಟ್ಟುಬಿದ್ದಿದೆ. ಕುಂಡೈ, ಬೆತೋಡಾ ಕೈಗಾರಿಕಾ ವಸಾಹತುಗಳಲ್ಲಿ ಗಂಡನದೊಂದು ಪಾಳಿ, ಹೆಂಡತಿಯದು ಮತ್ತೊಂದು. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಲು ವಾರಕ್ಕೆ ಒಂದೆರಡು ಸಂಜೆ ಸಿಕ್ಕರೆ ಹೆಚ್ಚು. ಆ ಸಂಜೆಯನ್ನೂ ತಾಯಿ ಒಲೆಯ ಮುಂದೆಯೇ ಕಳೆದರೆ ಒಟ್ಟಿಗೆ ಉಂಡವರು ಯಾರು? ಅದಕ್ಕಾಗಿ ಈ ಸಲ ಅಡುಗೆಯ ಮಾತು. ಗುರುಗಳಿಗೇಕೆ ಅಡುಗೆ ಎನ್ನಬೇಡಿ, ಗುರುಮನೆಯಲ್ಲೂ ಹಸಿವಾಗುತ್ತದೆ.

ಫ್ರೆಂಚ್ ಈರುಳ್ಳಿ ಸೂಪು ಈಗ ದೊಡ್ಡ ಹೋಟೆಲುಗಳ ಪಟ್ಟಿಯಲ್ಲಿದ್ದರೂ ಮೂಲತಃ ಬಡವರ ಊಟ. ಈರುಳ್ಳಿ, ನೀರು, ಒಣಗಿದ ರೊಟ್ಟಿ, ಇಷ್ಟೇ ಅದರ ಬಂಡವಾಳ. ಪ್ಯಾರಿಸ್ಸಿನ ಲೇ ಆಲ್ ಸಗಟು ಮಾರುಕಟ್ಟೆಯಲ್ಲಿ ರಾತ್ರಿಯೆಲ್ಲ ಮೂಟೆ ಹೊತ್ತ ಹಮಾಲರು ಬೆಳಗಿನ ಜಾವ ಇದನ್ನು ಕುಡಿಯುತ್ತಿದ್ದರು. ಆ ಮಾರುಕಟ್ಟೆ 1969ರಲ್ಲಿ ಊರ ಹೊರಗೆ ಹೋಯಿತು, ಸೂಪು ಉಳಿಯಿತು. ನಮಗೆ ಬೇಕಾದ ಈರುಳ್ಳಿ ಬೆಳಗಾವಿ ಕಡೆಯಿಂದ ಲಾರಿಗಳಲ್ಲಿ ಬರುತ್ತದೆ. ರೊಟ್ಟಿಯನ್ನು ಪೊದೇರ್ ಸೈಕಲ್ಲಿನಲ್ಲಿ ಹಾರ್ನ್ ಒತ್ತುತ್ತಾ ಬಾಗಿಲಿಗೇ ತರುತ್ತಾನೆ. ನಿನ್ನೆಯ ಉಂಡೊ ಮಿಕ್ಕಿದ್ದರೆ ಇದಕ್ಕೆ ಅದೇ ಒಳ್ಳೆಯದು.

ಈ ಸೂಪಿನ ರುಚಿಯೆಲ್ಲ ಈರುಳ್ಳಿ ಬೇಯುವ ರೀತಿಯಲ್ಲಿದೆ. ಸಾರಿನ ಒಗ್ಗರಣೆಯಂತೆ ಐದು ನಿಮಿಷ ಹುರಿದರೆ ಆಗದು. ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೆಂದಾಗ ಘಾಟು ಹೋಗಿ, ಒಳಗಿನ ಸಿಹಿ ಹೊರಬಂದು, ಬಣ್ಣ ಬೆಲ್ಲದಂತಾಗಬೇಕು. ಗ್ಯಾಸಿನ ಮೇಲಾದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕೈಯಾಡಿಸುತ್ತಾ ನಿಲ್ಲಬೇಕು. ಅಷ್ಟು ಪುರುಸೊತ್ತು ಯಾರಿಗಿದೆ?

ಇಲ್ಲಿ ಸ್ಲೋ ಕುಕ್ಕರ್ ನೆರವಾಗುತ್ತದೆ. ಇದು ಸೀಟಿ ಹೊಡೆಯುವ ಕುಕ್ಕರ್ ಅಲ್ಲ. ವಿದ್ಯುತ್ತಿನಿಂದ ಮೆಲ್ಲಗೆ ಕಾಯುವ ಪಿಂಗಾಣಿ ಪಾತ್ರೆ. ಅಮೆರಿಕದಲ್ಲಿ 1971ರಲ್ಲಿ ಕ್ರಾಕ್ ಪಾಟ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದು, ಕೆಲಸಕ್ಕೆ ಹೋಗುವ ಹೆಂಗಸರ ಮನೆಗಳಲ್ಲಿ ಬೇಗ ಜಾಗ ಮಾಡಿಕೊಂಡಿತು. ಸಾಧಾರಣ ಗಾತ್ರದ್ದು ಸುಮಾರು 200 ವಾಟ್, ಹತ್ತು ಗಂಟೆ ಉರಿದರೂ ಎರಡು ಯೂನಿಟ್ಟಿನಷ್ಟೇ.

ಐದು ಜನರಿಗೆ ಒಂದು ಕೆ.ಜಿ. ಈರುಳ್ಳಿ ಬೇಕು. (2019ರ ಡಿಸೆಂಬರಿನಲ್ಲಿ ಅದರ ಬೆಲೆ ಕೆ.ಜಿ.ಗೆ ನೂರು ರೂಪಾಯಿ ದಾಟಿತ್ತು. ಅಂಥ ತಿಂಗಳಲ್ಲಿ ಬೇರೆ ಏನಾದರೂ ಮಾಡಿ!) ಉದ್ದುದ್ದ ಹೆಚ್ಚಿ, ಮೂರು ಚಮಚ ಬೆಣ್ಣೆ, ಒಂದು ಸಣ್ಣ ಚಮಚ ಉಪ್ಪು ಬೆರೆಸಿ, ರಾತ್ರಿ ಮಲಗುವಾಗ ಸಣ್ಣ ಉರಿಗೆ ಇಟ್ಟುಬಿಡಿ. ಮುಚ್ಚಳದೊಳಗೆ ನೀರು ಬಿಟ್ಟುಕೊಂಡು ಈರುಳ್ಳಿ ಬೇಯುತ್ತದೆಯೇ ಹೊರತು ಬೇಗ ಕೆಂಪಾಗುವುದಿಲ್ಲ. ಆದ್ದರಿಂದ ಬೆಳಿಗ್ಗೆ ಎದ್ದವರು ಮುಚ್ಚಳವನ್ನು ಓರೆಯಾಗಿಸಿ ಒಂದು ಗಂಟೆ ಬಿಡಬೇಕು. ಇನ್ನೂ ಬಿಳಿಚಿಕೊಂಡಿದ್ದರೆ ಬಾಣಲೆಯಲ್ಲಿ ಹತ್ತು ನಿಮಿಷ ಹುರಿಯಿರಿ. ಪಿಂಗಾಣಿಯನ್ನೇ ಗ್ಯಾಸಿನ ಮೇಲೆ ಇಡಬೇಡಿ, ಒಡೆಯುತ್ತದೆ. ಬಳಿಕ ಒಂದು ಚಮಚ ಮೈದಾ, ಒಂದೂಕಾಲು ಲೀಟರ್ ಕುದಿಯುವ ಮೂಳೆ ರಸ ಸೇರಿಸಿ. ಫ್ರೆಂಚರು ಹಾಕುವ ವೈನಿನ ಬದಲು ಗೋವೆಯ ತೆಂಗಿನ ವಿನೆಗರ್ ಒಂದು ಚಮಚ ಸಾಕು. ತಪಸ್ಸು ಕಾಲದ ಶುಕ್ರವಾರವಾದರೆ ಮೂಳೆ ಬಿಟ್ಟು ಅಣಬೆ, ಕ್ಯಾರೆಟ್ ಬೇಯಿಸಿದ ನೀರು ಹಾಕಿ. ಮತ್ತೆ ಮುಚ್ಚಿ ಕೆಲಸಕ್ಕೆ ಹೋಗಿ. ಆರೆಂಟು ಗಂಟೆ ಬಿಟ್ಟು ಬಂದವರಿಗೆ ಬಿಸಿ ಸೂಪು ಕಾದಿರುತ್ತದೆ. ಉಂಡೊ ತುಂಡುಗಳನ್ನು ತವಾದಲ್ಲಿ ಗರಿಗರಿ ಮಾಡಿ, ಮೇಲೆ ಚೀಸ್ ತುರಿದು, ಮುಚ್ಚಿಟ್ಟು ಕರಗಿಸಿ, ಬಟ್ಟಲಿನಲ್ಲಿ ತೇಲಿಬಿಡಿ. ಓವನ್ ಬೇಕಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಮಳೆಗಾಲದಲ್ಲಿ ಕರೆಂಟು ಹೋಗುವುದುಂಟು. ನೀವಿಲ್ಲದಾಗ ಎರಡು ಗಂಟೆಗಿಂತ ಹೆಚ್ಚು ಹೊತ್ತು ಕುಕ್ಕರ್ ಆರಿದ್ದರೆ, ವಾಸನೆ ಚೆನ್ನಾಗಿದ್ದರೂ ಚೆಲ್ಲಿಬಿಡಿ. ಉಗುರುಬೆಚ್ಚಗಿನ ಮೂಳೆ ರಸದಲ್ಲಿ ರೋಗಾಣು ಬೇಗ ಬೆಳೆಯುತ್ತದೆ, ಮತ್ತೆ ಕುದಿಸಿದರೂ ಅದರ ವಿಷವೆಲ್ಲ ಹೋಗದು. ಕರೆಂಟು ಹೋಗಿ ಬಂದದ್ದು ತಿಳಿಯುವುದು ಹೇಗೆ? ಸೆಕೆಂಡ್ ಮುಳ್ಳಿನ ಪ್ಲಗ್ ಗಡಿಯಾರವೊಂದನ್ನು ಅದೇ ಬೋರ್ಡಿಗೆ ಹಾಕಿಡಿ. ಎಷ್ಟು ಹೊತ್ತು ನಿಂತಿತ್ತೆಂದು ಅದೇ ಹೇಳುತ್ತದೆ. ಉಳಿದ ಸೂಪು ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ಬಿಸಿ ಮಾಡುವಾಗ ಸ್ಲೋ ಕುಕ್ಕರ್ ಬೇಡ, ಗ್ಯಾಸಿನ ಮೇಲೆ ಚೆನ್ನಾಗಿ ಕುದಿಸಿ.